ಉಳಿದ ಕಾಡು ಎಲ್ಲಿಗೆ ಹೋಯ್ತು?

ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡಿನಲ್ಲಿ ಮುಗಿಯೋಕೆ ಎರಡು ನಿಲ್ದಾಣ ಮೊದಲು ‘ಕಾಡುಗೋಡಿ ಟ್ರೀ ಪಾರ್ಕ್’ ಬರುತ್ತೆ. ಆಫೀಸಿಗೆ ಓಡುವ ನಮಗೆ ಅದು ಬರೀ ಒಂದು ಹೆಸರು. ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ಮಕ್ಕಳನ್ನು ಕಟ್ಟಿಕೊಂಡು ಮೂವರು ಪೋಷಕರು ಅಲ್ಲಿ ಇಳಿದೆವು. ಪಾಠವಿಲ್ಲ, ವರ್ಕ್‌ಶೀಟ್ ಇಲ್ಲ. ಎಲೆ ಹೆಕ್ಕೋದು, ತೊಗಟೆ ಮುಟ್ಟಿ ನೋಡೋದು, ಇರುವೆ ಸಾಲಿನ ಹಿಂದೆ ಹೋಗೋದು, ಅಷ್ಟೇ. ಎರಡು ಗಂಟೆ ಯಾರೂ ಫೋನ್ ಕೇಳಲಿಲ್ಲ.

ವಾಪಸ್ ಬರುವಾಗ ಏಳು ವರ್ಷದ ಮಗಳು ಕೇಳಿದಳು, “ಅಪ್ಪಾ, ಊರಿನ ಹೆಸರಲ್ಲೇ ಕಾಡು ಇದೆಯಲ್ಲ, ಉಳಿದ ಕಾಡು ಎಲ್ಲಿಗೆ ಹೋಯ್ತು?”

“ದೂರ ಹೋಯ್ತು ಪುಟ್ಟಾ, ಬನ್ನೇರುಘಟ್ಟದ ಕಡೆ” ಅಂದೆ.

ಕಾಡಿಗೆ ಕಾಲಿಲ್ಲ ಅಂತ ಅವಳಿಗೂ ಗೊತ್ತು. ಸುಮ್ಮನಾದಳು. ನನಗೆ ಮಾತ್ರ ಅದು ಅಂದಿನಿಂದ ಕೊರೀತಾ ಇದೆ. ಮಕ್ಕಳಿಗೆ ಇಂಥ ಸುಳ್ಳು ಹೇಳೋದು ತಪ್ಪಾ?

ತಪ್ಪಲ್ಲ ಅನ್ನೋಕೆ ಒಳ್ಳೆಯ ವಾದವೇ ಇದೆ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ 1996ರಲ್ಲಿ ‘ಬಿಯಾಂಡ್ ಇಕೋಫೋಬಿಯಾ’ ಅನ್ನುವ ಪುಸ್ತಕ ಬರೆದರು. ನಾಲ್ಕನೇ ತರಗತಿಗಿಂತ ಮುಂಚೆ ಪರಿಸರದ ದುರಂತಗಳನ್ನು ಮಕ್ಕಳ ತಲೆಗೆ ತುಂಬಬೇಡಿ, ಮೊದಲು ಮರದ ಜೊತೆ ಸ್ನೇಹ ಬೆಳೆಯಲಿ ಅನ್ನೋದು ಅವರ ಸಲಹೆ. ಭಯಪಟ್ಟ ಮಗು ಪ್ರಕೃತಿಯಿಂದ ಮುಖ ತಿರುಗಿಸಿಬಿಡುತ್ತೆ. ಇದನ್ನು ನಾನು ಒಪ್ತೀನಿ. ಆದರೆ ಅವರ ಮುಖ್ಯ ಚಿಂತೆ, ಮಗು ಕಣ್ಣಲ್ಲಿ ಕಾಣದ ದೂರದ ಮಳೆಕಾಡಿನ ನಾಶದ ಪಾಠಗಳ ಬಗ್ಗೆ. ನಮ್ಮ ಮಕ್ಕಳು ಸ್ಕೂಲ್ ಬಸ್ಸಿನ ಕಿಟಕಿಯಿಂದಲೇ ಮರ ಉರುಳೋದನ್ನು ನೋಡ್ತಾರೆ. ಇಲ್ಲಿ ದೊಡ್ಡವರ ಮೌನವೂ ಒಂದು ಪಾಠವೇ: ಇದೆಲ್ಲ ಮಾಮೂಲು, ಕೇಳಬೇಡ.

ನಿಜ ಹೇಳೋದು ಸುಲಭ ಅಂತಲ್ಲ. ಕಾಡುಗೋಡಿಯದ್ದೇ ತಗೊಳ್ಳಿ. ‘ಕಾಡುಗೋಡಿ ಪ್ಲಾಂಟೇಶನ್’ ಹೆಸರಿನ 711 ಎಕರೆ 1896ರಲ್ಲೇ ಅರಣ್ಯ ಅಂತ ಘೋಷಣೆಯಾಗಿತ್ತು. ಆಮೇಲೆ ಅದು ತುಂಡುತುಂಡಾಗಿ ಬೇರೆ ಬೇರೆ ಕೈ ಸೇರಿತು. 2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಸುಮಾರು 120 ಎಕರೆ ವಾಪಸ್ ಪಡೆದಾಗ, ಈ ನೆಲ ನಮ್ಮ ಹಿರಿಯರಿಗೆ ಮಂಜೂರಾಗಿದ್ದು ಅಂತ ದಲಿತ ಕುಟುಂಬಗಳು ಪ್ರತಿಭಟಿಸಿದವು. ಈ ಕಥೆಯಲ್ಲಿ ಮಗುವಿಗೆ ಬೊಟ್ಟು ಮಾಡಿ ತೋರಿಸೋಕೆ ಒಬ್ಬ ರಾಕ್ಷಸ ಸಿಗೋದಿಲ್ಲ. ಹತ್ತೊಂಬತ್ತನೇ ಮಹಡಿಯಲ್ಲಿ ಕೂತು ಕಾಫಿ ಕುಡಿಯುವ ನಾನು ಬೊಟ್ಟು ಮಾಡೋದಾದರೂ ಯಾವ ಮುಖ ಇಟ್ಟುಕೊಂಡು?

ನನ್ನ ಸುಳ್ಳಿನ ಗುಟ್ಟು ಅಲ್ಲೇ ಇತ್ತು. ಅವಳಿಗೆ ನೋವಾಗುತ್ತೆ ಅಂತ ನಾನು ಹಾಗೆ ಹೇಳಲಿಲ್ಲ. ಅವಳ ಮುಂದಿನ ಪ್ರಶ್ನೆ ನಮ್ಮ ಮನೆಯ ಬಗ್ಗೆಯೇ ಇರುತ್ತೆ ಅಂತ ಹೆದರಿ ಹೇಳಿದೆ. ಮಗುವನ್ನು ಕಾಯುವ ಸುಳ್ಳಿಗೂ ನಮ್ಮನ್ನು ಕಾಪಾಡಿಕೊಳ್ಳುವ ಸುಳ್ಳಿಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಸೋಬೆಲ್ ಸಲಹೆಯನ್ನು ನೆಪ ಮಾಡಿಕೊಳ್ಳೋದು ಅನ್ಯಾಯ.

ಇನ್ನೊಂದು ಅನ್ಯಾಯವೂ ಇದೆ. “ಕಾಡು ಉಳಿಸೋದು ಇನ್ನು ನಿಮ್ಮ ಕೈಯಲ್ಲಿದೆ ಮಕ್ಕಳೇ” ಅಂತ ಭಾಷಣ ಮಾಡೋದು. ಕಳೆದವರು ನಾವು, ಹುಡುಕಿ ತರಬೇಕಾದವರು ಅವರಾ? ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡುವ ಋಣ ನಮ್ಮ ಮೇಲಿದೆ. ನಮ್ಮ ತಪ್ಪಿನ ಹೊರೆಯನ್ನು ಏಳು ವರ್ಷದ ಹೆಗಲಿಗೆ ಹೇರುವ ಹಕ್ಕು ಇಲ್ಲ.

ಹೀಗಾಗಿ ನಿನ್ನೆ ರಾತ್ರಿ ತಿದ್ದಿಕೊಂಡೆ. “ಪುಟ್ಟಾ, ಅವತ್ತು ನಾನು ಹೇಳಿದ್ದು ಸುಳ್ಳು. ಕಾಡು ಎಲ್ಲಿಗೂ ಹೋಗಲಿಲ್ಲ. ಕಡಿದರು. ಹೊಲ, ಮನೆ, ರಸ್ತೆ, ಆಫೀಸು ಆಯ್ತು. ಅಂಥ ಮನೇಲೇ ನಾವೂ ಇರೋದು.”

ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ನಮ್ಮ ಮನೆ ಇರೋ ಜಾಗದಲ್ಲಿ ಏನಿತ್ತು?” ಅಂದಳು.

ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಇಬ್ಬರೂ ಹೋಗಿ ಗೇಟಿನೆದುರು ಹೂವು ಮಾರುವ ಅಜ್ಜಿಯನ್ನು ಕೇಳಿದೆವು. “ರಾಗಿ ಹೊಲ ಕಣವ್ವ. ಬದುವಿನ ಮೇಲೆ ನಾಕು ಹೊಂಗೆ ಮರ. ಒಂದು ಇನ್ನೂ ಐತೆ, ನಿಮ್ಮ ಕಾಂಪೌಂಡ್ ಹಿಂದ್ಗಡೆ.”

ಆರು ವರ್ಷದಿಂದ ಇಲ್ಲಿದ್ದೀನಿ, ಆ ಮರ ನೋಡಿರಲಿಲ್ಲ. ಮುಂದಿನ ಭಾನುವಾರ ಒಂಬತ್ತೂ ಮಕ್ಕಳು ಅಲ್ಲಿಗೇ ಹೋಗೋದು ಅಂತ ತೀರ್ಮಾನವಾಗಿದೆ. ಮೆಟ್ರೋ ಟಿಕೆಟ್ ಬೇಕಿಲ್ಲ.