ಕೂಟಲೇಖವೂ ಗುಪ್ತದಾನವೂ

ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ತತ್ತ್ವಾರ್ಥಸೂತ್ರವು ಎಣಿಸಿದೆ. ಸುಳ್ಳು ಬರಹವನ್ನು ಸೃಷ್ಟಿಸುವುದೆಂದು ಅದರರ್ಥ. ಇದು ವ್ಯಾಪಾರಿಯ ಲೆಕ್ಕಪುಸ್ತಕಕ್ಕಷ್ಟೇ ಸಲ್ಲುವ ಮಾತೆಂದು ಭಾವಿಸಿದವರು ಆಳಂದ ಪ್ರಕರಣವನ್ನು ಗಮನಿಸಬೇಕು. ಮಾದನಹಿಪ್ಪರಗಾದವರಿಗೆ ಅದು ತಮ್ಮ ತಾಲ್ಲೂಕಿನದೇ ಸಂಗತಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಮತದಾರರ ಹೆಸರುಗಳನ್ನು ತೆಗೆದುಹಾಕಲು 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ! ಅರ್ಜಿದಾರರೆಂದು ನಮೂದಾಗಿದ್ದವರಲ್ಲಿ ಕೆಲವರಿಗೆ ಅರ್ಜಿಯ ಸುಳಿವೇ ಇರಲಿಲ್ಲ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಮತದಾರನ ಅಹವಾಲು ಕೇಳದೆ ಅವನ ಹೆಸರನ್ನು ತೆಗೆಯಬಾರದೆಂಬ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 22ನೆಯ ಕಲಮಿನ ಬೆಲೆ ಆಗ ತಿಳಿಯಿತು. 2025ರಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು.

ಹಣದ ವಿಷಯ ಇನ್ನೂ ಸೂಕ್ಷ್ಮ. 2018ರ ಚುನಾವಣಾ ಬಾಂಡನ್ನು ಗುಪ್ತದಾನವೆನ್ನಬಹುದೆ? ಗುಪ್ತದಾನಿಯು ಕೀರ್ತಿಯನ್ನು ತ್ಯಜಿಸುತ್ತಾನೆ. ಇಲ್ಲಿಯೋ, ದಾನಿಯ ಹೆಸರು ಮತದಾರನಿಗಷ್ಟೇ ಗುಪ್ತ. ಪಡೆದ ಪಕ್ಷವು ಅದನ್ನು ತಿಳಿಯಲು ಅಡ್ಡಿಯಿರಲಿಲ್ಲ. ತ್ಯಜಿಸಿದ್ದು ಹೊಣೆಯನ್ನು ಮಾತ್ರ. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಈ ಯೋಜನೆಯನ್ನು ರದ್ದುಪಡಿಸಿದ್ದು ಮತದಾರನ ತಿಳಿಯುವ ಹಕ್ಕನ್ನು ಎತ್ತಿಹಿಡಿದೇ. ಆದರೂ, ನೂರು ರೂಪಾಯಿಗೂ ರಸೀದಿ ಬರೆಯುವ ಬಸದಿಯ ಆಡಳಿತ ಮಂಡಳಿಗಳಿಗೆ ಸೋಜಿಗವೆನಿಸಬಹುದು: 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಇಂದಿಗೂ ತಿಳಿಸಬೇಕಿಲ್ಲ.