ಹುಲ್ಲುಕಡ್ಡಿಯ ಇನ್ನೊಂದು ತುದಿ

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಈ ಗಾದೆಯನ್ನು ನಾವು ಆಡುವುದು ಹೆಚ್ಚಾಗಿ ಮರುಕದಿಂದ, ಕೆಲವೊಮ್ಮೆ ತಾತ್ಸಾರದಿಂದ. ಸಾಲದಲ್ಲಿ ಸಿಕ್ಕಿಕೊಂಡವನು ಲಾಟರಿ ಕೊಂಡರೆ, ವಾಸಿಯಾಗದ ಕಾಯಿಲೆಯವನು ಕಂಡಕಂಡ ಔಷಧಿ ನುಂಗಿದರೆ, ‘ಪಾಪ, ಇನ್ನೇನು ಮಾಡ್ತಾನೆ’ ಎಂಬ ಮಾತಿನ ಜೊತೆಗೆ ಇದನ್ನೂ ಸೇರಿಸುತ್ತೇವೆ. ನಮ್ಮ ಕಣ್ಣೆಲ್ಲ ಕಡ್ಡಿಯ ಬಡತನದ ಮೇಲೆ. ಆದರೆ ಗಾದೆ ಕಟ್ಟಿದವರು ಅದನ್ನು ಭ್ರಮೆ ಎನ್ನಲಿಲ್ಲ, ಆಸರೆ ಎಂದರು. ಬಳ್ಳಿಗೆ ಚಪ್ಪರ, ಮುಪ್ಪಿಗೆ ಮಕ್ಕಳು ಆಸರೆ ಎನ್ನುವಾಗ ಬಳಸುವ ಅದೇ ತೂಕದ ಪದ. ಮುಳುಗುತ್ತಿರುವವನು ಕಡ್ಡಿಯನ್ನು ಹಿಡಿಯುವುದು ಅದು ಗಟ್ಟಿಯಾಗಿದೆ ಎಂದಲ್ಲ, ಕೈಗೆ ಎಟುಕುತ್ತದೆ ಎಂದು. ಹದಿಹರೆಯದವರ, ಯುವಜನರ ಆತ್ಮಹತ್ಯೆಯನ್ನು ತಡೆಯುವ ವಿಷಯದಲ್ಲಿ ಈ ಎಟುಕುವ ಗುಣವೇ ಬಲಕ್ಕಿಂತ ಮೊದಲು ಬೇಕಾದದ್ದು. ಅದನ್ನು ಒದಗಿಸಬಲ್ಲವರು ಸುತ್ತಲಿನ ಸಾಮಾನ್ಯ ಜನ ಎಂಬುದು ನನ್ನ ವಾದ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ ವಿದ್ಯಾರ್ಥಿಗಳೇ 13,044. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಏಳು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತು. ಮಾನಸಿಕ ತೊಂದರೆ ಇದ್ದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಬಾಗಿಲನ್ನೇ ಕಂಡಿಲ್ಲ ಎಂದೂ ಹೇಳಿತು. ಮನೋವೈದ್ಯರು ಇರುವುದು ಜಿಲ್ಲಾ ಆಸ್ಪತ್ರೆಯಲ್ಲಿ, ಮಗು ಇರುವುದು ಹಾಸ್ಟೆಲಿನ ಕೋಣೆಯಲ್ಲಿ. ಸಂಕಟ ಉಕ್ಕಿ ಬರುವ ಹೊತ್ತು ಬಹಳ ಸಲ ತೀರಾ ಚಿಕ್ಕದು. ‘ಸಾಯಬೇಕೆಂದು ನಿರ್ಧರಿಸಿದವರನ್ನು ಯಾರು ತಡೆಯಲು ಸಾಧ್ಯ? ಇಂದು ತಪ್ಪಿದರೆ ನಾಳೆ’ ಎನ್ನುವವರು ಗಮನಿಸಬೇಕಾದ ಒಂದು ಅಧ್ಯಯನವಿದೆ. 1937ರಿಂದ 1971ರವರೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಒಂದೇ ಸ್ಥಳದಲ್ಲಿ ಕೊನೆಯ ಗಳಿಗೆಯಲ್ಲಿ ತಡೆಯಲಾದ 515 ಮಂದಿಯ ಮುಂದಿನ ಬದುಕನ್ನು ರಿಚರ್ಡ್ ಸೈಡನ್ ಎಂಬ ಸಂಶೋಧಕ ಹುಡುಕಿ ನೋಡಿದರು. ನೂರಕ್ಕೆ 94ರಷ್ಟು ಜನ ಬದುಕಿದ್ದರು, ಇಲ್ಲವೇ ಸಹಜ ಕಾರಣದಿಂದ ತೀರಿಕೊಂಡಿದ್ದರು. ಆ ಗಳಿಗೆ ದಾಟಿದ ಮೇಲೆ ‘ನಿರ್ಧಾರ’ ಎಂದು ನಾವು ಕರೆಯುವುದು ಅಲ್ಲಿ ಉಳಿದಿರಲಿಲ್ಲ. ಕಡ್ಡಿಗೆ ಬೆಲೆ ಬರುವುದು ಇಲ್ಲಿ. ಅದು ದಡ ಮುಟ್ಟಿಸಬೇಕಾಗಿಲ್ಲ, ಆ ಹೊತ್ತನ್ನು ದಾಟಿಸಿದರೆ ಸಾಕು.

ಹಾಗಾದರೆ ಕಡ್ಡಿ ಎಂದರೆ ಏನು? ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಊರುಗಳಲ್ಲಿ ನಡೆಸಿದ ಪ್ರಯೋಗ ಅದನ್ನು ಸ್ಪಷ್ಟವಾಗಿ ತೋರಿಸಿತು. ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದುಕೊಂಡು, ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲಿ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಮನೆಗೆ ಭೇಟಿ. ‘ಹೇಗಿದ್ದೀರಿ, ಏನಾದರೂ ಬೇಕಿತ್ತಾ’ ಎಂದು ವಿಚಾರಿಸುವಷ್ಟರ ಕೆಲಸ. 2008ರಲ್ಲಿ ಫಲಿತಾಂಶ ಬಂದಾಗ ಮೊದಲ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಎರಡನೆಯದರಲ್ಲಿ ಇಬ್ಬರು. ಆ ವಿಚಾರಣೆ ನೀರಿನ ಆಳವನ್ನು ಕಡಿಮೆ ಮಾಡಲಿಲ್ಲ, ಆದರೆ ಕಡ್ಡಿಯ ಇನ್ನೊಂದು ತುದಿಯಲ್ಲಿ ಯಾರೋ ಇದ್ದಾರೆ ಎಂಬುದನ್ನು ತಿಳಿಸಿತು.

ತರಬೇತಿಯಿಲ್ಲದವರು ಕೈಹಾಕಿದರೆ ಅನಾಹುತವಲ್ಲವೇ, ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಲ್ಲವೇ ಎಂಬ ಅಂಜಿಕೆ ಪ್ರಾಮಾಣಿಕವಾದದ್ದು. ಎರಡನೆಯದಕ್ಕೆ ಉತ್ತರ ಸಿಕ್ಕಿದೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೇರವಾಗಿ ಕೇಳಿದ್ದರಿಂದ ಮಕ್ಕಳ ಸಂಕಟ ಹೆಚ್ಚಿದ್ದು ಕಾಣಲಿಲ್ಲ; ಮೊದಲೇ ನೊಂದಿದ್ದ ಮಕ್ಕಳಿಗೆ ತುಸು ಹಗುರವೇ ಆಯಿತು. ಮೊದಲ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಮೂರು ದಾರಿಗಳನ್ನು ಹೋಲಿಸಿದರು. ಶಿಕ್ಷಕರಿಗೆ ಲಕ್ಷಣ ಗುರುತಿಸುವ ತರಬೇತಿ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಜ್ಞರು ಪ್ರಶ್ನಾವಳಿಯಿಂದ ಸೋಸಿ ನೋಡಿದ್ದರಿಂದಲೂ ಇಲ್ಲ. ಮಕ್ಕಳನ್ನೇ ಕೂರಿಸಿ, ನಾಲ್ಕು ವಾರಗಳಲ್ಲಿ ಐದು ಗಂಟೆ, ಪಾತ್ರ ಮಾಡಿಸುತ್ತಾ ಚರ್ಚಿಸಿದ ಶಾಲೆಗಳಲ್ಲಿ ವರ್ಷದ ಕೊನೆಗೆ ಆತ್ಮಹತ್ಯೆಯ ಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಬಿಹಾರದ ನಳಂದಾ ಜಿಲ್ಲೆಯ ಶಾಲೆಗಳಲ್ಲೂ ಹೆಚ್ಚುಕಡಿಮೆ ಇದೇ ಪಾಠ. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ನಡೆಸಿದ ಕಾರ್ಯಕ್ರಮ ಶಾಲೆಯ ವಾತಾವರಣವನ್ನು ಸುಧಾರಿಸಿತು, ಮಕ್ಕಳ ಖಿನ್ನತೆಯನ್ನು ತಗ್ಗಿಸಿತು. ಅದನ್ನೇ ಪಾಠದ ಹೊರೆಯ ನಡುವೆ ಶಿಕ್ಷಕರ ಹೆಗಲಿಗೆ ಹಾಕಿದಾಗ ಫಲ ಕಾಣಲಿಲ್ಲ. ಶಿಕ್ಷಕರನ್ನು ದೂರುವ ಮಾತಲ್ಲ ಇದು. ಅಂಕ ಕೊಡುವ ಕೈಯನ್ನೇ ಹಿಡಿದುಕೋ ಎಂದರೆ ಮಗುವಿಗೆ ಕಷ್ಟವಾಗಬಹುದು. ಪಕ್ಕದ ಬೆಂಚಿನವನ ಕೈ ಮೊದಲು ಎಟುಕುತ್ತದೆ.

ಇನ್ನೂ ಕಠಿಣವಾದ ಆಕ್ಷೇಪ ಬೇರೆ ಇದೆ. ಸಮುದಾಯ ಸಮುದಾಯ ಎನ್ನುತ್ತೀರಿ, ಆ ಮಗುವನ್ನು ನೀರಿಗೆ ನೂಕಿದ್ದೇ ಸಮುದಾಯವಲ್ಲವೇ? ‘ನಾಲ್ಕು ಜನ ಏನಂತಾರೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದೆ! ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಎಷ್ಟು ಪರ್ಸೆಂಟು’ ಎಂದು ಕೇಳುವವರು, ಪ್ರೀತಿಸಿದವರ ಜಾತಿ ಕೆದಕುವವರು, ಆಸ್ಪತ್ರೆಗೆ ಹೋಗಿ ಬಂದದ್ದಕ್ಕೆ ‘ತಲೆ ಕೆಟ್ಟಿದೆಯಂತೆ’ ಎಂದು ಪಿಸುಗುಟ್ಟುವವರು ಎಲ್ಲರೂ ಆ ನಾಲ್ಕು ಜನರೇ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಹೊರಡುವ ತೀರ್ಮಾನ, ಊರನ್ನು ಬದಿಗಿಟ್ಟು ಎಲ್ಲವನ್ನೂ ತಜ್ಞರಿಗೆ ಬಿಡಿ ಎಂಬುದಲ್ಲ. ಚಿಕಿತ್ಸೆ ಮುಗಿಸಿದ ಮಗು ಮರಳುವುದು ಅದೇ ಬೀದಿಗೆ, ಅದೇ ತರಗತಿಗೆ. ಆ ನಾಲ್ಕು ಜನರಲ್ಲಿ ಒಬ್ಬರಾದರೂ ತೀರ್ಪು ಕೊಡದೆ ಕೇಳಿಸಿಕೊಳ್ಳುವವರು ಬೇಕು. ಕೇಳಿದ್ದನ್ನು ಊರಿಗೆ ಹಂಚದವರು, ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಮುರಿದು ದೊಡ್ಡವರನ್ನು ಕರೆಯುವವರು ಬೇಕು. ಇಷ್ಟನ್ನು ಕಲಿಸಬಹುದು. ನಿಮ್ಹಾನ್ಸ್ ಮತ್ತು ರಾಜ್ಯದ ಯುವಜನ ಇಲಾಖೆ ಸೇರಿ ನಡೆಸುವ ‘ಯುವ ಸ್ಪಂದನ’ದಲ್ಲಿ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ಅವರ ವಯಸ್ಸಿನವರೊಡನೆ ಮಾತಾಡಲು ಕಳಿಸುವುದು ಇದಕ್ಕಾಗಿಯೇ.

ಕಡ್ಡಿಯ ಹೊಗಳಿಕೆಯಲ್ಲಿ ದೋಣಿಯನ್ನು ಮರೆಯಬಾರದು. ತೀವ್ರ ಖಿನ್ನತೆಗೆ ಔಷಧಿ, ಚಿಕಿತ್ಸೆ ಬೇಕು; ಗೆಳೆಯರ ಸಾಂತ್ವನ ಅದಕ್ಕೆ ಬದಲಿಯಲ್ಲ. 2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ತಂದದ್ದು, ಒಂದು ಸೋಲಿಗೆ ಇಡೀ ವರ್ಷ ತೆರಬೇಕಾದ ಭಯವನ್ನು ತಗ್ಗಿಸಿತು. ಅದೂ ಜೀವರಕ್ಷಣೆಯ ಕೆಲಸವೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆಯನ್ನು ಸರ್ಕಾರದ ಹೊಣೆಯಾಗಿಸಿದೆ. ‘ಪೊಲೀಸ್ ಕೇಸಾಗುತ್ತದೆ’ ಎಂದು ಮನೆಯವರು ಮುಚ್ಚಿಡಬೇಕಾದ ಕಾಲ ಹೋಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ಈಗ ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದ್ದರೆ ಆ ಸಂಖ್ಯೆ ನಿಮಗಾಗಿಯೇ ಇದೆ. ಕರೆ ಮಾಡಲು ಕೈ ಏಳದವರ ಪಕ್ಕ ಕೂತು, ಸಂಖ್ಯೆ ಒತ್ತಿಕೊಡುವವರೂ ಬೇಕಾಗುತ್ತಾರೆ.

ಚೆನ್ನೈ, ಕೊಲಂಬೊಗಳ ಆ ಒಂಬತ್ತು ವಿಚಾರಣೆಗಳ ವೇಳಾಪಟ್ಟಿ ಹೀಗಿತ್ತು: ಒಂದನೇ, ಎರಡನೇ, ನಾಲ್ಕನೇ, ಏಳನೇ, ಹನ್ನೊಂದನೇ ವಾರ, ಆಮೇಲೆ ನಾಲ್ಕನೇ, ಆರನೇ, ಹನ್ನೆರಡನೇ, ಹದಿನೆಂಟನೇ ತಿಂಗಳು. ಮೊದಲ ವಾರ ನಮ್ಮಲ್ಲಿ ನೆಂಟರಿಷ್ಟರಿಂದ ಮನೆ ತುಂಬಿರುತ್ತದೆ. ಹನ್ನೊಂದನೇ ವಾರಕ್ಕೆ ಬಹಳಷ್ಟು ಜನ ಮರೆತಿರುತ್ತಾರೆ.