ಕಾಲೂರಬಾರದು, ಮೊಣಕಾಲು ಮಡಿಸಬೇಕು

ಕುಳಿತಿರುವವನೆಲ್ಲ ಸೋಮಾರಿಯೋ? ಎದ್ದು ನಡೆಯುವವನೆಲ್ಲ ಶ್ರದ್ಧಾವಂತನೋ? ಈ ಪ್ರಶ್ನೆಯನ್ನು ನಾನು ಪಾಠಶಾಲೆಯಲ್ಲಿ ಕಲಿಯಲಿಲ್ಲ. ನನ್ನ ಎಡಗಾಲು ಅದನ್ನು ನನ್ನ ಮುಂದೆ ಇಟ್ಟಿತು.

ಕಾವೇರಿಯು ಕೊಡಗನ್ನು ಬಿಟ್ಟು ಹೊರಡುವ ಎಡೆಯಲ್ಲಿರುವ ನಮ್ಮ ಶಿರಂಗಾಲದಲ್ಲಿ, ಕಳೆದ ಮಳೆಗಾಲದ ಒಂದು ಸಾಯಂಕಾಲ, ಗದ್ದೆಯ ಬದುವಿನ ಮೇಲೆ ಬರುತ್ತಿರುವಾಗ ಕಾಲು ಜಾರಿತು. ಬಿದ್ದದ್ದು ಎತ್ತರದಿಂದಲ್ಲ. ಆದರೂ ಮೊಣಕಾಲು ಪಕ್ಕಕ್ಕೆ ತಿರುಚಿ, ಅದರ ಕೆಳಗಿನ ದೊಡ್ಡ ಎಲುಬಿನ ತಲೆಯು ಸೀಳಿತು. ನೆರೆಯವರು ಪುತ್ತೂರು ಕಟ್ಟು ಹಾಕಿಸೋಣವೆಂದರು. ನಾಟಿ ವೈದ್ಯರನ್ನು ಹೀಯಾಳಿಸುವವನು ನಾನಲ್ಲ. ಆದರೆ ಮೊಣಕಾಲಿನ ಹಿಂದೆ ದೊಡ್ಡ ರಕ್ತನಾಳವುಂಟು. ಬಾತ ಕಾಲನ್ನು ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು. ಅಲ್ಲದೆ ಸಂದಿನೊಳಗಿನ ಸೀಳು ಕೈಗೆ ತಿಳಿಯುವಂಥದಲ್ಲ. 1895ರಲ್ಲಿ ರೋಂಟ್‌ಗೆನ್ ಪಂಡಿತನು ಕಂಡುಹಿಡಿದ ಕಿರಣಗಳ ಚಿತ್ರವನ್ನು ತೆಗೆಸಿದ ಮೇಲೆಯೇ ನಮಗೆ ಸಂಗತಿ ಗೊತ್ತಾಯಿತು. ಎಲುಬು ಸೀಳಿದೆ, ಆದರೆ ಸರಿದಿಲ್ಲ. ಶಸ್ತ್ರಚಿಕಿತ್ಸೆ ಬೇಡ ಎಂದರು.

ವೈದ್ಯರು ಎರಡು ಆಜ್ಞೆಗಳನ್ನು ಕೊಟ್ಟರು. ಹತ್ತು ವಾರ ಆ ಪಾದದ ಮೇಲೆ ಭಾರ ಹಾಕಕೂಡದು. ಆದರೆ ಎರಡನೆಯ ವಾರದಿಂದ ಮೊಣಕಾಲನ್ನು ದಿನಾಲು ಮಡಿಸಿ ಚಾಚಬೇಕು. ಇವು ಒಂದಕ್ಕೊಂದು ವಿರೋಧವೆಂದು ನಾನು ವಾದಿಸಿದೆನು. ಅವರು ಹೇಳಿದ್ದೇನಂದರೆ, ಆ ಎಲುಬಿನ ತಲೆಯ ಒಳಭಾಗವು ಜೇನುಹುಟ್ಟಿನಂತೆ ತೂತುತೂತಾಗಿರುವದು. ಕೂಡುವ ಮೊದಲೇ ಭಾರ ಬಿದ್ದರೆ ತುಂಡು ಕುಸಿಯುವದು. ಅದರ ಮೇಲಿನ ಮೃದ್ವಸ್ಥಿಗಾದರೋ ರಕ್ತನಾಳವಿಲ್ಲ. ಸಂದಿನ ದ್ರವವೇ ಅದಕ್ಕೆ ಆಹಾರ, ಚಲನೆಯಿಂದಲೇ ಆ ದ್ರವವು ಅದರೊಳಗೆ ಸೇರುವದು. ಅಲ್ಲಾಡಿಸದ ಮೊಣಕಾಲು ತುಕ್ಕು ಹಿಡಿದ ಬಾಗಿಲ ಕೀಲಿನಂತಾಗುವದು.

ಪಂಡಿತರು ಕೂಡ ಇದರಲ್ಲಿ ಬಹುಕಾಲ ಒಡೆದಿದ್ದರು. ಎಲುಬು ಕಟ್ಟುವವರ ವಂಶದಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ವೈದ್ಯನಾಗಿದ್ದ ಹ್ಯೂ ಓವನ್ ಥಾಮಸನು (1834–1891) ದೀರ್ಘವಾದ, ಮುರಿಯದ ವಿಶ್ರಾಂತಿಯೇ ಔಷಧವೆಂದು ಬೋಧಿಸಿದನು. ಪ್ಯಾರಿಸಿನ ಲ್ಯೂಕಾ ಶಾಂಪಿಯೋನಿಯೇರನು (1843–1913) ಚಲನೆಯೇ ಜೀವವೆಂದನು. ಕೆನಡಾದ ರಾಬರ್ಟ್ ಸಾಲ್ಟರ್ ಎಂಬವರು 1970ರಿಂದೀಚೆಗೆ ಮಾಡಿದ ಪ್ರಯೋಗಗಳು ಸಂದಿನ ವಿಷಯದಲ್ಲಿ ಎರಡನೆಯವನ ಪಕ್ಷವನ್ನು ಬಲಪಡಿಸಿದವು.

ಈಗ ನನ್ನ ತಪ್ಪನ್ನು ಹೇಳುವೆನು. ನಾಲ್ಕನೆಯ ವಾರದಲ್ಲಿ, ನನ್ನ ಹೆಂಡತಿಯು ಬೆಳಗಿನಿಂದ ನಾಟಿಗೆ ಬಗ್ಗಿ, ಸಂಜೆ ನೀರು ಹೊತ್ತು ಬರುವದನ್ನು ಜಗಲಿಯಿಂದ ನೋಡುತ್ತಿದ್ದೆನು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬನು, "ಉಪದೇಶಿಯವರಿಗೆ ಒಳ್ಳೇ ವಿರಾಮ!" ಎಂದನು. ಊರುಗೋಲನ್ನು ಗೋಡೆಗೆ ಒರಗಿಸಿ ಎದ್ದೆನು. ಕೊಡವನ್ನು ಇಸುಕೊಂಡು ಆರು ಹೆಜ್ಜೆ ನಡೆದೆನು. ಹೆಂಡತಿಯ ಮೇಲಿನ ಕನಿಕರದಿಂದ ಎದ್ದೆನೆಂದು ಆಗ ಹೇಳಿಕೊಂಡೆನು. ಕನಿಕರವೇ ಆಗಿದ್ದರೆ ಆ ಮನುಷ್ಯನು ಬರುವ ತನಕ ಯಾಕೆ ಏಳಲಿಲ್ಲ? ಮುಂದಿನ ಚಿತ್ರದಲ್ಲಿ ತುಂಡು ಸ್ವಲ್ಪ ಇಳಿದಿತ್ತು. ಹತ್ತು ವಾರವು ಹದಿನಾಲ್ಕಾಯಿತು. ಆ ನಾಲ್ಕು ವಾರ ನೀರು ಹೊತ್ತವಳು ಅವಳೇ.

ಆ ಮೇಲೆ ನಾನು ಮಹಾ ತಾಳ್ಮೆಯುಳ್ಳವನಾದೆನು! ಕಾಲು ಮಡಿಸುವಾಗ ನೋವು ತೊಡೆಯವರೆಗೆ ಏರುತ್ತಿದ್ದದರಿಂದ, "ಎಲುಬು ಚೆನ್ನಾಗಿ ಕೂಡಲಿ, ಅವಸರ ಯಾಕೆ?" ಎಂದು ಮಲಗಿಬಿಡುತ್ತಿದ್ದೆನು. ತಾಯಿಯವರು, "ಹೌದು ಮಗಾ, ಮಲಗು" ಎನ್ನುವರು. ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, "ಇವತ್ತು ಎಷ್ಟು ಸಾರಿ ಮಡಿಸಿದಿರಿ?" ಎಂದು ಕೇಳುವಳು. ಉತ್ತರವಿಲ್ಲದೆ ನಾಚಿದೆನು. ಮೊದಲು ಗರ್ವವು ಶ್ರದ್ಧೆಯ ಅಂಗಿ ತೊಟ್ಟು ಬಂದಿತ್ತು. ಈಗ ಅಂಜಿಕೆಯು ತಾಳ್ಮೆಯ ಅಂಗಿ ತೊಟ್ಟಿತ್ತು. ಹೊರಗಿನಿಂದ ನೋಡುವವನಿಗೆ ಇದು ತಿಳಿಯದು. ಒಳಗಿರುವವನಿಗೂ ಬೇಗ ತಿಳಿಯದು. ನನಗಾದರೋ ಒಂದು ಗುರುತು ಸಿಕ್ಕಿತು: ಎರಡು ಸಾರಿಯೂ ನನಗೆ ಸುಲಭವಾದದ್ದನ್ನೇ ಆರಿಸಿಕೊಂಡಿದ್ದೆನು. ಮಾತು ಕೇಳಿಸಿಕೊಂಡು ಕುಳಿತಿರುವದು ಕಷ್ಟವಾದಾಗ ಎದ್ದೆನು. ಮಡಿಸುವದು ಕಷ್ಟವಾದಾಗ ಮಲಗಿದೆನು.

ಅಂದಿನಿಂದ ಮಡಿಸಿದ ಲೆಕ್ಕವನ್ನು ಅವಳೇ ಗೋಡೆಯ ಮೇಲೆ ಇದ್ದಲಿನಿಂದ ಗೀಚಿಟ್ಟಳು. ಈಗ ಹೊಳೆಯ ದಂಡೆಯ ವರೆಗೆ ಕೋಲಿಲ್ಲದೆ ಹೋಗಿ ಬರುತ್ತೇನೆ. ಸಭೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ನನ್ನ ಎಡಗಾಲು ಇನ್ನೂ ಪೂರಾ ಮಡಿಯದು. ಬೆಂಚಿನ ತುದಿಯಲ್ಲಿ ಅದನ್ನು ಚಾಚಿಕೊಂಡು ಕೂಡ್ರುತ್ತೇನೆ, ಮಕ್ಕಳು ಅದನ್ನು ದಾಟಿಕೊಂಡು ಹೋಗುತ್ತಾರೆ.